ಟೆನ್ಸಿಯೋಮೀಟರೋ, ಸೆನ್ಸರೋ? ಕೊಡಗಿನ ತೋಟಕ್ಕೆ ಮಣ್ಣಿನ ತೇವ ಅಳೆಯುವ ಸಾಧನ ಆರಿಸುವ ಬಗೆ

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ರೋಬಸ್ಟಾ ಕಾಫಿ ಬೆಳೆಗಾರರ ಮನೆಗಳಲ್ಲಿ ಒಂದೇ ಮಾತು. ಮೊಗ್ಗು ಅರಳಿಸುವ ಹೂಮಳೆ ಬರುತ್ತಾ, ಕಾಯೋಣವಾ, ಇಲ್ಲ ಕೆರೆಗೆ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಶುರು ಮಾಡೋಣವಾ? ಒಂದು ಎಕರೆಗೆ ಒಂದು ಇಂಚು ನೀರು ಅಂದರೆ 1 ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಒಂದೂವರೆ ಇಂಚು ಕೊಟ್ಟರೆ ಒಂದೂವರೆ ಲಕ್ಷ ದಾಟುತ್ತದೆ. ಕೆರೆಯ ನೀರು ಅಳತೆಯದ್ದು, ಡೀಸೆಲ್ ದುಬಾರಿ, ಪೈಪ್ ಎಳೆಯಲು ಜನ ಸಿಗುವುದಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಹಾರಿಸಿದ ನೀರು ಬೇರಿನ ತನಕ ಇಳಿಯಿತೋ, ಮೇಲಿನ ತರಗೆಲೆಯಲ್ಲೇ ನಿಂತಿತೋ ಗೊತ್ತಾಗದೆ ಜೆಟ್ (ನೀರು ಹಾರಿಸುವ ಸ್ಪ್ರಿಂಕ್ಲರ್ ತಲೆ) ಬದಲಿಸುತ್ತಾ ಹೋಗುವುದು ಸರಿಯಲ್ಲ. ಅದನ್ನು ತಿಳಿಯಲು ಸಾಧನಗಳಿವೆ. ಆದರೆ ಅಂಗಡಿಯಲ್ಲಿ ಎಲ್ಲವನ್ನೂ "ಮಾಯಿಶ್ಚರ್ ಮೀಟರ್" ಎಂದೇ ಮಾರುತ್ತಾರೆ. ಒಂದೊಂದೂ ಅಳೆಯುವುದು ಬೇರೆ ಬೇರೆ, ಕೆಲಸಕ್ಕೆ ಬರುವ ಜಾಗವೂ ಬೇರೆ ಬೇರೆ. ಕೊಡಗಿನ ಬೆಟ್ಟ, ಮಣ್ಣು, ಮಳೆಯನ್ನು ಲೆಕ್ಕಕ್ಕೆ ಹಿಡಿದು ಯಾವುದು ಯಾರಿಗೆ ಸರಿ ಎಂದು ಇಲ್ಲಿ ನೋಡೋಣ.

ಎಷ್ಟು ನೀರಿದೆ ಎನ್ನುವುದಲ್ಲ, ಎಷ್ಟು ಬಿಗಿಯಾಗಿದೆ ಎನ್ನುವುದು

ಮಣ್ಣಿನಲ್ಲಿ ನೀರು ಶೇಕಡ ಎಷ್ಟಿದೆ ಎನ್ನುವುದು ಒಂದು ಅಳತೆ. ಆ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ, ಅದನ್ನು ಹೀರಲು ಬೇರು ಎಷ್ಟು ಬಲ ಹಾಕಬೇಕು ಎನ್ನುವುದು ಇನ್ನೊಂದು. ಈ ಎರಡನೆಯದನ್ನೇ ತೇವದ ಎಳೆತ ಎನ್ನೋಣ. ಗಿಡದ ಮಟ್ಟಿಗೆ ಮುಖ್ಯವಾದದ್ದು ಇದೇ. ಜೇಡಿ ಜಾಸ್ತಿ ಇರುವ ಮಣ್ಣಿನಲ್ಲಿ ಶೇ 20ರಷ್ಟು ನೀರಿದ್ದರೂ ಗಿಡ ಬಾಡುವ ಹಂತಕ್ಕೆ ಬಂದಿರಬಹುದು. ಮರಳು ಮಿಶ್ರಿತ ಮಣ್ಣಿನಲ್ಲಿ ಅಷ್ಟೇ ನೀರಿದ್ದರೆ ಅದು ತೃಪ್ತಿಯಾಗುವಷ್ಟು ತೇವ. ಶೇಕಡ ನೋಡಿದರೆ ಎರಡೂ ಒಂದೇ. ಎಳೆತ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಎಳೆತವನ್ನು ಸೆಂಟಿಬಾರ್ ಅಥವಾ ಕಿಲೋಪಾಸ್ಕಲ್ ಲೆಕ್ಕದಲ್ಲಿ ಹೇಳುತ್ತಾರೆ. ಎರಡೂ ಒಂದೇ, 1 ಸೆಂಟಿಬಾರ್ ಅಂದರೆ 1 ಕಿಲೋಪಾಸ್ಕಲ್. ಸೊನ್ನೆ ಅಂದರೆ ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡಿವೆ, ಗಾಳಿಗೆ ಜಾಗವಿಲ್ಲ. ಜೋರು ಮಳೆ ನಿಂತು ಒಂದೆರಡು ದಿನದಲ್ಲಿ ಹೆಚ್ಚಿನ ನೀರು ಬಸಿದ ಮೇಲೆ ಅದು 10ರಿಂದ 30ರ ನಡುವೆ ಎಲ್ಲೋ ನಿಲ್ಲುತ್ತದೆ. ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. 1500ರ ಹತ್ತಿರ ಹೆಚ್ಚಿನ ಬೆಳೆಗಳು ಬಾಡಿ, ಮತ್ತೆ ಚೇತರಿಸಿಕೊಳ್ಳದ ಸ್ಥಿತಿಗೆ ಬರುತ್ತವೆ.

ನಮ್ಮ ಕಡೆಯ ಕೆಂಪು ಮಣ್ಣಿನ ಬಗ್ಗೆ ಒಂದು ಮಾತು. ಇದರಲ್ಲಿ ಜೇಡಿ ಇದ್ದರೂ ಅದು ಸಣ್ಣ ಸಣ್ಣ ಹರಳಾಗಿ ಕೂಡಿಕೊಂಡಿರುತ್ತದೆ. ನೆರಳಿನ ತೋಟದಲ್ಲಿ ಎಲೆಗೊಬ್ಬರವೂ ಸೇರಿರುತ್ತದೆ. ಹಾಗಾಗಿ ದೊಡ್ಡ ಸಂದುಗಳ ನೀರು ಬೇಗ ಬಸಿದುಹೋಗುತ್ತದೆ, ಹರಳಿನ ಒಳಗಿನ ನೀರು ಮಾತ್ರ ಬಿಗಿಯಾಗಿ ಉಳಿಯುತ್ತದೆ. ಸಾಧನದ ಜೊತೆ ಬರುವ ಕಾಗದದಲ್ಲಿ "ಜೇಡಿ ಮಣ್ಣಾದರೆ 60ರಿಂದ 100ರ ನಡುವೆ ನೀರು ಕೊಡಿ" ಎಂದು ಬರೆದಿರುತ್ತದೆ. ಅದು ಅಂಟು ಜೇಡಿಗೆ ಹೇಳಿದ ಮಾತು. ನಮ್ಮ ಮಣ್ಣಿಗೆ ಅದನ್ನು ಹಾಗೆಯೇ ಹಾಕಬೇಡಿ.

ಮೊದಲು ಕೇಳಿಕೊಳ್ಳಬೇಕಾದ್ದು: ಒದ್ದೆಯ ಕಡೆಯೋ, ಒಣಗಿದ ಕಡೆಯೋ?

ಬ್ರ್ಯಾಂಡ್, ಬೆಲೆ, ಮೊಬೈಲ್ ಆ್ಯಪ್ ಎಲ್ಲ ಆಮೇಲೆ. ನಿಮ್ಮ ಬೆಳೆ ಯಾವ ಅಂಕಿಗಳ ನಡುವೆ ಬದುಕುತ್ತದೆ ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಸಾಧನದ ಆಯ್ಕೆ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ಕುಶಾಲನಗರದ ಕಡೆ ಹಾಕುವ ಶುಂಠಿ, ತರಕಾರಿ, ಕಾಫಿ ನರ್ಸರಿಯ ಬುಟ್ಟೆ ಗಿಡ, ಡ್ರಿಪ್ ಹಾಕಿದ ಅಡಿಕೆ, ಇವೆಲ್ಲ ಒದ್ದೆಯ ಕಡೆಯವು. ಎಳೆತ 20, 30, 40ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡರೆ ಸಾಕು. ಇಲ್ಲಿ 15ಕ್ಕೂ 35ಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಕಾಣಬೇಕು. 150 ಮತ್ತು 180ರ ನಡುವಿನ ವ್ಯತ್ಯಾಸ ಕಟ್ಟಿಕೊಂಡು ಮಾಡುವುದೇನೂ ಇಲ್ಲ.

ಕಾಫಿ ಹಾಗಲ್ಲ. ಕುಯಿಲು ಮುಗಿದ ಮೇಲೆ ಗಿಡಕ್ಕೆ ಒಣ ಕಾಲ ಬೇಕೇ ಬೇಕು. ಒಣಗಿದರೇನೇ ಮೊಗ್ಗು ಹದಕ್ಕೆ ಬಂದು, ನೀರು ಬಿದ್ದ ಏಳೆಂಟು ದಿನಕ್ಕೆ ಒಟ್ಟಿಗೇ ಅರಳುವುದು. ಜನವರಿ, ಫೆಬ್ರವರಿಯಲ್ಲಿ ತೋಟದ ಮೇಲ್ಮಣ್ಣು 100 ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ. ಅದು ತಪ್ಪಲ್ಲ, ಹಾಗೇ ಆಗಬೇಕು. ಆದ್ದರಿಂದ ರೋಬಸ್ಟಾ ತೋಟಕ್ಕೆ ಒಣಗಿದ ಕಡೆಯ ಅಂಕಿಯನ್ನು ಓದಬಲ್ಲ ಸಾಧನ ಬೇಕು. ಹೂ ಬಿಟ್ಟ ಮೇಲೆ, ಬ್ಯಾಕಿಂಗ್ ನೀರು (ಹೂವಿನ ನೀರಿನ ನಂತರದ ಎರಡನೆಯ ನೀರು) ಕೊಡುವ ಹೊತ್ತಿಗೆ, ಅದೇ ಸಾಧನ ಒದ್ದೆಯ ಕಡೆಗೂ ಸುಮಾರಾಗಿ ಹೊಂದಿಕೊಳ್ಳಬೇಕು.

ಕಾಫಿ, ಮೆಣಸು, ಒಂದು ಮೂಲೆಯಲ್ಲಿ ಶುಂಠಿ, ಕೆಳಗೆ ಗದ್ದೆ ಎಲ್ಲ ಇಟ್ಟುಕೊಂಡ ಮನೆಗಳೇ ಕೊಡಗಿನಲ್ಲಿ ಜಾಸ್ತಿ. ಅಂಥವರಿಗೆ ಒಂದೇ ಬಗೆಯ ಸಾಧನ ಸಾಲುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯನ್ನು ಹತ್ತು ತೆಗೆದುಕೊಂಡರೆ ರಿಯಾಯಿತಿ ಸಿಗಬಹುದು, ಉಪಯೋಗ ಸಿಗುವುದಿಲ್ಲ.

ಟೆನ್ಸಿಯೋಮೀಟರ್

ಎಳೆತವನ್ನು ನೇರವಾಗಿ ಅಳೆಯುವುದು ಇದೊಂದೇ. ಉಳಿದವೆಲ್ಲ ಬೇರೆ ಏನನ್ನೋ ಅಳೆದು, ಅದರಿಂದ ಎಳೆತವನ್ನು ಲೆಕ್ಕ ಹಾಕಿ ಹೇಳುತ್ತವೆ. ಒಂದು ಪ್ಲಾಸ್ಟಿಕ್ ಕೊಳವೆ. ತುದಿಯಲ್ಲಿ ಸುಟ್ಟ ಮಣ್ಣಿನ ಬಿಳಿ ಬಟ್ಟಲು, ತಲೆಯ ಹತ್ತಿರ ಗೇಜು, ಮೇಲೆ ಮುಚ್ಚಳ. ಕೊಳವೆಯ ತುಂಬ ನೀರು. ಮಣ್ಣಿನ ಹೂಜಿ ಬೆವರುವ ಹಾಗೆ ಈ ಬಟ್ಟಲಿನಿಂದ ನೀರು ಹೊರಗೆ ಒಸರುತ್ತದೆ, ಗಾಳಿಯನ್ನು ಮಾತ್ರ ಒಳಗೆ ಬಿಡುವುದಿಲ್ಲ. ಸುತ್ತಲಿನ ಮಣ್ಣು ಒಣಗಿದಂತೆ ಬಟ್ಟಲಿನ ನೀರನ್ನು ಎಳೆಯುತ್ತದೆ. ಮೇಲೆ ಮುಚ್ಚಿರುವುದರಿಂದ ಒಳಗೆ ನಿರ್ವಾತ ಉಂಟಾಗಿ ಗೇಜಿನ ಮುಳ್ಳು ಏರುತ್ತದೆ. ಮಳೆ ಬಂದರೆ ನೀರು ಒಳಗೆ ವಾಪಸ್ ಬಂದು ಮುಳ್ಳು ಇಳಿಯುತ್ತದೆ. ಬ್ಯಾಟರಿ ಬೇಡ, ಮಣ್ಣಿಗೆ ತಕ್ಕಂತೆ ಹೊಂದಿಸುವ ಕೆಲಸವಿಲ್ಲ, ಗೊಬ್ಬರದ ಉಪ್ಪಿನಿಂದ ಓದು ಕೆಡುವುದಿಲ್ಲ. ಸೊನ್ನೆಯಿಂದ 40ರವರೆಗೆ ಇದರಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಮಿತಿ ಮೇಲಿನ ತುದಿಯಲ್ಲಿದೆ. ನಿರ್ವಾತ ಜಾಸ್ತಿಯಾದಂತೆ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಒಂದು ಹಂತದಲ್ಲಿ ನೀರಿನ ಕಂಬವೇ ಕಡಿದುಹೋಗುತ್ತದೆ, ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬೀಳುತ್ತದೆ. ಪುಸ್ತಕಗಳಲ್ಲಿ ಈ ಮಿತಿ 80ರಿಂದ 85 ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಅಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. 900 ಮೀಟರ್ ಎತ್ತರದಲ್ಲಿ ಅದು 91ಕ್ಕೆ ಇಳಿದಿರುತ್ತದೆ, 1150 ಮೀಟರಿನಲ್ಲಿ 88ರ ಹತ್ತಿರ. ಅಷ್ಟರಮಟ್ಟಿಗೆ ಟೆನ್ಸಿಯೋಮೀಟರಿನ ಮಿತಿಯೂ ಇಳಿಯುತ್ತದೆ. ವಿರಾಜಪೇಟೆ, ಗೋಣಿಕೊಪ್ಪದ ಕಡೆ 75ರವರೆಗೆ ನಂಬಬಹುದು. ಮಡಿಕೇರಿಯಂಥ ಎತ್ತರದ ಜಾಗದಲ್ಲಿ 70 ದಾಟಿದ ಮೇಲೆ ನಂಬಬೇಡಿ. ಗೇಜಿನ ಮೇಲೆ 100ರವರೆಗೆ ಗೆರೆ ಹಾಕಿದ್ದಾರೆ ಎಂದ ಮಾತ್ರಕ್ಕೆ ಅದು ಅಲ್ಲಿಯವರೆಗೆ ಓದುತ್ತದೆ ಎಂದರ್ಥವಲ್ಲ.

ಕೊಳವೆಯ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಟ್ಟಲಿನಿಂದ ಗೇಜಿನವರೆಗಿನ ನೀರಿನ ತೂಕವೂ ಗೇಜಿನಲ್ಲಿ ಸೇರಿಕೊಳ್ಳುತ್ತದೆ, ಪ್ರತಿ 10 ಸೆಂಟಿಮೀಟರಿಗೆ 1 ಸೆಂಟಿಬಾರ್. ಬಟ್ಟಲಿನಿಂದ ಗೇಜಿಗೆ 60 ಸೆಂಟಿಮೀಟರ್ ಇದ್ದು ಗೇಜು 26 ತೋರಿಸಿದರೆ ಮಣ್ಣಿನ ನಿಜವಾದ ಎಳೆತ 20. ಕೆಲವು ಗೇಜುಗಳಲ್ಲಿ ಇದನ್ನು ಸರಿಪಡಿಸಲು ಸಣ್ಣ ತಿರುಪು ಇರುತ್ತದೆ. ಇಲ್ಲದಿದ್ದರೆ ಕೊಳವೆಯ ಮೇಲೆ "6 ಕಳೆಯಿರಿ" ಎಂದು ಮಾರ್ಕರಿನಲ್ಲಿ ಬರೆದುಬಿಡಿ.

ನೆಡುವ ಮೊದಲು ಬಟ್ಟಲನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಕೊಳವೆಗೆ ತುಂಬುವ ನೀರನ್ನು ಕುದಿಸಿ ಆರಿಸಿ, ಕುದಿಸಿದರೆ ಕರಗಿದ ಗಾಳಿ ಹೋಗುತ್ತದೆ. ಕೈಪಂಪಿನಿಂದ ನಿರ್ವಾತ ಹಾಕಿದಾಗ ಗೇಜಿನ ಕುತ್ತಿಗೆಯಿಂದ, ಬಟ್ಟಲಿನ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದು ಬರುತ್ತವೆ. ಕೊಳವೆಯನ್ನು ಬೆರಳಿನಿಂದ ತಟ್ಟುತ್ತಾ, ಗುಳ್ಳೆ ನಿಲ್ಲುವವರೆಗೆ ಪಂಪ್ ಮಾಡಿ. ಆಮೇಲೆ ಮುಚ್ಚಳ ಬಿಗಿದು, ಬಟ್ಟಲನ್ನು ಬಟ್ಟೆಯಿಂದ ಒರೆಸಿ ಗಾಳಿಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಮುಳ್ಳು 60, 70ರ ಕಡೆಗೆ ಏರಬೇಕು. ಮತ್ತೆ ನೀರಿನಲ್ಲಿ ಮುಳುಗಿಸಿದರೆ ಸರಸರ ಇಳಿಯಬೇಕು. ಏರದಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ, ವಾಷರ್ ನೋಡಿ. ಏರಿದ್ದು ಇಳಿಯದಿದ್ದರೆ ಬಟ್ಟಲಿನ ರಂಧ್ರ ಕಟ್ಟಿದೆ, ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಈ ಪರೀಕ್ಷೆ ಮನೆಯ ಜಗಲಿಯಲ್ಲೇ ಆಗಬೇಕು, ತೋಟದಲ್ಲಿ ಅಲ್ಲ.

ನೆಟ್ಟ ಮೇಲೂ ವಾರಕ್ಕೊಮ್ಮೆ ನೋಡಿ ನೀರು ತುಂಬಬೇಕು. ಇದನ್ನು ಮಾಡುವ ಮನಸ್ಸು, ಪುರುಸೊತ್ತು ಇದ್ದರೆ ಮಾತ್ರ ಟೆನ್ಸಿಯೋಮೀಟರ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ತೋಟಕ್ಕೆ ಬರುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಜನವರಿಯ ರೋಬಸ್ಟಾ ತೋಟದಲ್ಲಂತೂ ಇದನ್ನು ನೆಟ್ಟು ಪ್ರಯೋಜನವಿಲ್ಲ. ನೀರು ಕಡಿದುಕೊಂಡು ಖಾಲಿ ಕೊಳವೆ ನಿಂತಿರುತ್ತದೆ.

ವಾಟರ್‌ಮಾರ್ಕ್ ಬಗೆಯ ಹರಳಿನ ಸೆನ್ಸರ್

ಅಮೆರಿಕದ ಇರೋಮೀಟರ್ ಕಂಪನಿಯ ವಾಟರ್‌ಮಾರ್ಕ್ ಇದರಲ್ಲಿ ಹೆಸರಾದದ್ದು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ, ಸ್ಟೀಲಿನ ಜಾಲರಿ ಹೊದಿಸಿದ ಉರುಳೆ. ಒಳಗೆ ನುಣ್ಣನೆಯ ಹರಳುಗಳ ನಡುವೆ ಎರಡು ಎಲೆಕ್ಟ್ರೋಡ್. ಮಣ್ಣು ಒಣಗಿದರೆ ಹರಳುಗಳೂ ಒಣಗುತ್ತವೆ, ವಿದ್ಯುತ್ ಹರಿಯುವುದಕ್ಕೆ ಅಡ್ಡಿ ಹೆಚ್ಚುತ್ತದೆ. ಆ ಅಡ್ಡಿಯನ್ನು ಮೀಟರ್ ಸೆಂಟಿಬಾರಿಗೆ ಬದಲಿಸಿ ತೋರಿಸುತ್ತದೆ. ಒಳಗೆ ಜಿಪ್ಸಮ್ಮಿನ ಬಿಲ್ಲೆಯೂ ಇರುವುದರಿಂದ ಗೊಬ್ಬರದ ಉಪ್ಪಿನ ಪ್ರಭಾವ ಸ್ವಲ್ಪ ಕಡಿಮೆಯಾಗುತ್ತದೆ. ಓದುವ ವ್ಯಾಪ್ತಿ 0ಯಿಂದ 200ರವರೆಗೆ, ಕೆಲವು ಮೀಟರುಗಳಲ್ಲಿ 239ರವರೆಗೆ.

ರೋಬಸ್ಟಾಕ್ಕೆ ನನ್ನ ಆಯ್ಕೆ ಇದೇ. ಇದಕ್ಕೆ ನೀರು ತುಂಬುವ ಕೆಲಸವಿಲ್ಲ. ಒಮ್ಮೆ ಸರಿಯಾಗಿ ನೆಟ್ಟರೆ ಹಲವು ವರ್ಷ ಇರುತ್ತದೆ. ಒಂದೇ ಕೈಮೀಟರ್ ಇಟ್ಟುಕೊಂಡು ತೋಟದ ಹತ್ತು ಕಡೆಯ ಸೆನ್ಸರ್ ಓದಬಹುದು.

ಹೂವಿನ ನೀರಿನ ವಿಷಯದಲ್ಲಿ ಇದರ ದೊಡ್ಡ ಉಪಕಾರ ಯಾವಾಗ ಶುರು ಮಾಡಬೇಕು ಎಂದು ಹೇಳುವುದರಲ್ಲಿಲ್ಲ, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದರಲ್ಲಿದೆ. ಶುರು ಮಾಡುವ ಹೊತ್ತನ್ನು ಮೊಗ್ಗೇ ತೋರಿಸುತ್ತದೆ, ಅದನ್ನು ಓದಲು ನಮ್ಮವರಿಗೆ ಬರುತ್ತದೆ. ಆದರೆ ಜೆಟ್ ಒಂದೇ ಜಾಗದಲ್ಲಿ ಎಷ್ಟು ಗಂಟೆ ಹಾರಬೇಕು ಎನ್ನುವುದು ಅಂದಾಜಿನ ಮೇಲೆಯೇ ನಡೆಯುತ್ತದೆ. ಒಂದು ಸೆನ್ಸರ್ 25 ಸೆಂಟಿಮೀಟರ್ ಆಳದಲ್ಲಿ, ಇನ್ನೊಂದು 50ರಲ್ಲಿ ಇದೆ ಎಂದಿಟ್ಟುಕೊಳ್ಳಿ. ಹಾರಿಸುವ ಮೊದಲು ಮೇಲಿನದ್ದು 190, ಕೆಳಗಿನದ್ದು 120. ಮರುದಿನ ಬೆಳಿಗ್ಗೆ ಮೇಲಿನದ್ದು 15ಕ್ಕೆ ಇಳಿದು ಕೆಳಗಿನದ್ದು ಹಾಗೇ ಇದ್ದರೆ, ನೀರು ಬೇರಿನ ಮುಖ್ಯ ಪದರಕ್ಕೆ ಸೇರಿದೆ, ಕೆಳಗೆ ಪೋಲಾಗಿಲ್ಲ. ಮೇಲಿನದ್ದೂ ಅಲ್ಲಾಡದಿದ್ದರೆ ನೀರು ತರಗೆಲೆಯಲ್ಲೇ ನಿಂತಿದೆ. ಎರಡೂ 10ಕ್ಕೆ ಬಂದಿದ್ದರೆ ಜೆಟ್ ಅಗತ್ಯಕ್ಕಿಂತ ಜಾಸ್ತಿ ಹೊತ್ತು ಓಡಿದೆ, ಮುಂದಿನ ಬ್ಲಾಕಿನಲ್ಲಿ ಕಡಿಮೆ ಮಾಡಬಹುದು. ಅರ್ಧ ಇಂಚಿನ ಅಕಾಲದ ಮಳೆ ಬಿದ್ದಾಗ ಮೇಲೆ ಹಾರಿಸಬೇಕಾ ಬೇಡವಾ ಎಂಬ ಚರ್ಚೆಗೂ ಇದೇ ಉತ್ತರ ಕೊಡುತ್ತದೆ. ಬ್ಯಾಕಿಂಗ್ ನೀರಿನ ದಿನವನ್ನೂ ಕ್ಯಾಲೆಂಡರ್ ನೋಡಿ ಗೊತ್ತು ಮಾಡುವ ಬದಲು ಅಂಕಿ ನೋಡಿ ಗೊತ್ತು ಮಾಡಬಹುದು.

ಕೊರತೆಗಳೂ ಇವೆ. ಸೊನ್ನೆಯಿಂದ 10ರ ನಡುವೆ ಇದು ಮಂಕು. ಆದ್ದರಿಂದ ನರ್ಸರಿಗೆ, ಶುಂಠಿಗೆ ಟೆನ್ಸಿಯೋಮೀಟರಿನಷ್ಟು ಸೂಕ್ಷ್ಮವಲ್ಲ. ತೀರಾ ಒಣಗಿದ ಮಣ್ಣಿನಲ್ಲಿ ಸೆನ್ಸರಿಗೂ ಮಣ್ಣಿಗೂ ನಡುವೆ ಸಂದು ಬಿದ್ದರೆ, ನೀರು ಬಂದ ಮೇಲೂ ಒಂದೆರಡು ದಿನ ಹಿಂದೆ ಬೀಳುತ್ತದೆ. ಮಣ್ಣಿನ ಬಿಸಿಗೂ ಓದು ಸ್ವಲ್ಪ ಬದಲಾಗುತ್ತದೆ, ಮೀಟರಿನಲ್ಲಿ ಉಷ್ಣಾಂಶ ಹೊಂದಿಸುವ ಗುಂಡಿ ಇರುವುದು ಅದಕ್ಕೇ. ನೆರಳಿನ ತೋಟದಲ್ಲಿ ಒಂದಡಿ ಕೆಳಗೆ ಬಿಸಿ ಅಷ್ಟೇನೂ ಏರಿಳಿಯುವುದಿಲ್ಲ, ಹಾಗಾಗಿ ಇದು ದೊಡ್ಡ ತಲೆನೋವಲ್ಲ. ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳುವ ಸಾದಾ ಮಲ್ಟಿಮೀಟರಿನಿಂದ ಇದನ್ನು ಓದಲು ಹೋಗಬೇಡಿ. ಒಂದೇ ದಿಕ್ಕಿನ ಕರೆಂಟು ಹರಿದರೆ ಓದು ಜಾರುತ್ತಾ ಹೋಗುತ್ತದೆ, ಎಲೆಕ್ಟ್ರೋಡೂ ಹಾಳಾಗುತ್ತದೆ.

ನೆಡುವ ಮೊದಲು ಎರಡು ಮೂರು ಸಲ ನೆನೆಸಿ ಒಣಗಿಸಬೇಕು. ಅರ್ಧ ಗಂಟೆ ನೀರಿನಲ್ಲಿ, ಸಂಜೆಯವರೆಗೆ ಗಾಳಿಯಲ್ಲಿ, ಹೀಗೆ. ಕೊನೆಗೆ ರಾತ್ರಿಯಿಡೀ ನೆನೆಸಿ, ಒದ್ದೆಯಾಗಿರುವಾಗಲೇ ಮಣ್ಣಿಗೆ ಇಳಿಸಬೇಕು. ಅರ್ಧ ಇಂಚಿನ ಪಿವಿಸಿ ಪೈಪಿನ ತುದಿಗೆ ಅಂಟಿಸಿ ಇಳಿಸಿದರೆ ಆಳವೂ ಸರಿಯಾಗಿರುತ್ತದೆ, ಆಮೇಲೆ ಹುಡುಕಿ ತೆಗೆಯುವುದೂ ಸುಲಭ.

ಜಿಪ್ಸಮ್ ಬ್ಲಾಕ್

ಇದು ಹಳೆಯ ಉಪಾಯ. 1940ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬೊಯೂಕಸ್ ಮತ್ತು ಮಿಕ್ ಎಂಬ ವಿಜ್ಞಾನಿಗಳು ಬಳಕೆಗೆ ತಂದದ್ದು. ಜಿಪ್ಸಮ್ಮಿನ ತುಂಡಿನೊಳಗೆ ಎರಡು ತಂತಿ, ಅಷ್ಟೇ. ಅಗ್ಗ. ಒಣಗಿದ ಕಡೆ ಸಾವಿರ ದಾಟಿಯೂ ಓದುತ್ತದೆ. ಕಾಗದದ ಮೇಲೆ ಕಾಫಿಗೆ ಇದು ಚೆನ್ನಾಗಿ ಹೊಂದಬೇಕು. ಆದರೆ ಜಿಪ್ಸಮ್ ನೀರಿನಲ್ಲಿ ಕರಗುತ್ತದೆ, ಹುಳಿ ಮಣ್ಣಿನಲ್ಲಿ ಇನ್ನೂ ಬೇಗ ಹೋಗುತ್ತದೆ. ನಮ್ಮದು ಹುಳಿ ಮಣ್ಣು, ಮೇಲೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅದರ ಓದು ಜಾರಿರುತ್ತದೆ. ಕೊಡಗಿಗೆ ಇದನ್ನು ನಾನು ಹೇಳುವುದಿಲ್ಲ.

ಸೆರಾಮಿಕ್ ಬಿಲ್ಲೆಯ ಡಿಜಿಟಲ್ ಸೆನ್ಸರ್

ಎರಡು ಸೆರಾಮಿಕ್ ಬಿಲ್ಲೆಗಳ ತೇವವನ್ನು ಅಳೆದು ಎಳೆತ ಹೇಳುವ ಸೆನ್ಸರುಗಳಿವೆ. ಮೀಟರ್ ಗ್ರೂಪ್ ಕಂಪನಿಯ ಟೆರೋಸ್ 21 ಈ ಜಾತಿಯದ್ದು. 10ರ ಆಸುಪಾಸಿನಿಂದ ಹಿಡಿದು ಮಣ್ಣು ಪೂರ್ತಿ ಒಣಗುವವರೆಗೆ ಓದುತ್ತದೆ, ಮಣ್ಣಿನ ಉಷ್ಣಾಂಶವನ್ನೂ ಜೊತೆಗೇ ಕೊಡುತ್ತದೆ, ನಿರ್ವಹಣೆ ಏನೂ ಇಲ್ಲ. ಮೊಗ್ಗು ಹದಕ್ಕೆ ಬರುವ ದಿನಗಳಲ್ಲಿ ಎಳೆತ ಎಲ್ಲಿಯವರೆಗೆ ಹೋಗುತ್ತದೆ ಎಂದು ನಿಜಕ್ಕೂ ತಿಳಿಯಬೇಕಾದವರಿಗೆ ಇದು ಬೇಕು. ಬೆಲೆ ಮಾತ್ರ ಸಂಶೋಧನಾ ಕೇಂದ್ರಕ್ಕೋ ದೊಡ್ಡ ಎಸ್ಟೇಟಿಗೋ ಹೊಂದುವಂಥದ್ದು, ಓದಲು ಲಾಗರ್ (ಅಂಕಿಗಳನ್ನು ತಾನೇ ದಾಖಲಿಸಿಡುವ ಯಂತ್ರ) ಬೇರೆ ಬೇಕು. ಐದು ಹತ್ತು ಎಕರೆಯವರು ಆ ದುಡ್ಡನ್ನು ಪೈಪಿಗೆ, ಕೆರೆಯ ಹೂಳು ತೆಗೆಸುವುದಕ್ಕೆ ಹಾಕುವುದು ಮೇಲು.

ಶೇಕಡ ಹೇಳುವ ಸೆನ್ಸರುಗಳು

ಮೊಬೈಲಿಗೆ ಗ್ರಾಫ್ ಕಳುಹಿಸುವ ಸಾಧನಗಳಲ್ಲಿ ಬಹಳಷ್ಟು ಅಳೆಯುವುದು ಎಳೆತವನ್ನಲ್ಲ, ನೀರಿನ ಶೇಕಡವನ್ನು. ಎರಡು ಮೂರು ಸ್ಟೀಲ್ ಕಡ್ಡಿ ಇರುವುದು, ಹಸಿರು ಸರ್ಕ್ಯೂಟ್ ಪಟ್ಟಿಯಂತಿರುವುದು ಹೆಚ್ಚಾಗಿ ಇವೇ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಇದು ಸೆಂಟಿಬಾರ್ ಕೊಡುತ್ತದಾ, ಶೇಕಡ ಕೊಡುತ್ತದಾ? ಶೇಕಡ ಎಂದರೆ, ನಿಮ್ಮ ತೋಟದ ಮಣ್ಣಿಗೆ ಅದನ್ನು ಹೊಂದಿಸಿಕೊಡುತ್ತೀರಾ ಎಂದೂ ಕೇಳಿ. ಕಾರ್ಖಾನೆಯಲ್ಲಿ ಹೊಂದಿಸಿದ ಲೆಕ್ಕ ಕಬ್ಬಿಣದ ಅಂಶ, ಎಲೆಗೊಬ್ಬರ ಜಾಸ್ತಿ ಇರುವ ಕೆಂಪು ಮಣ್ಣಿಗೆ ಸರಿಹೋಗುವುದು ಅಪರೂಪ. ಜಂಬಿಟ್ಟಿಗೆ ಕಲ್ಲು ಇರುವ ಕಡೆ ಕಡ್ಡಿ ಚುಚ್ಚುವುದೂ ಕಷ್ಟ. ಪಕ್ಕದಲ್ಲಿ ಕೂದಲೆಳೆಯಷ್ಟು ಗಾಳಿ ಉಳಿದರೂ ಓದು ಕಡಿಮೆ ಬರುತ್ತದೆ.

ಹಾಗೆಂದು ಇವು ಕೆಲಸಕ್ಕೇ ಬಾರದವು ಎಂದಲ್ಲ. ಒಂದೇ ಜಾಗದಲ್ಲಿ ಏರಿಳಿತ ನೋಡಲು ಬಹಳ ಚುರುಕು, ಮಳೆ ಬಿದ್ದ ಕೆಲವೇ ನಿಮಿಷದಲ್ಲಿ ಗೆರೆ ಏರುತ್ತದೆ. ಇನ್ನೆಷ್ಟು ಲೀಟರ್ ಕೊಡಬೇಕು ಎಂಬ ಲೆಕ್ಕಕ್ಕೆ ಶೇಕಡವೇ ಬೇಕು. ಅಂಥದ್ದು ಆಗಲೇ ತೋಟದಲ್ಲಿದ್ದರೆ ಪಕ್ಕದಲ್ಲಿ ಒಂದು ಎಳೆತದ ಸೆನ್ಸರ್ ನೆಡಿ. ಒಂದು ಬೇಸಿಗೆಯಲ್ಲಿ ಯಾವ ಶೇಕಡಕ್ಕೆ ಯಾವ ಎಳೆತ ಎಂದು ಗೊತ್ತಾಗಿಬಿಡುತ್ತದೆ.

ಬಣ್ಣದ ದೀಪ, ಮುಳ್ಳಿನ ಮೀಟರ್, ಗದ್ದೆಯ ಕೊಳವೆ

ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ ಕೈಸಾಧನವೊಂದಿದೆ. ಮಣ್ಣಿಗೆ ಚುಚ್ಚಿದರೆ ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪ ಹತ್ತುತ್ತದೆ. ನೀಲಿ ಅಂದರೆ ತೇವ ಧಾರಾಳ, ಕೆಂಪು ಅಂದರೆ ಕೂಡಲೇ ನೀರು. ಅಂಕಿ ಕೊಡುವುದಿಲ್ಲ, ಆದರೆ ಓದು ಬರಹ ಬಾರದವರಿಗೂ ಅರ್ಥವಾಗುತ್ತದೆ. ಪೈಪ್ ಬದಲಿಸುವವರ ಕೈಯಲ್ಲಿ ಒಂದು ಕೊಟ್ಟರೆ ಒಳ್ಳೆಯದೇ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಹುಳಿ, ಬೆಳಕು, ತೇವ ಮೂರನ್ನೂ ಹೇಳುತ್ತೇನೆ ಎನ್ನುವ ಮುಳ್ಳಿನ ಮೀಟರ್ ಮಾತ್ರ ತರಬೇಡಿ. ಗೊಬ್ಬರ ಹಾಕಿದ ಜಾಗದಲ್ಲಿ ಅದಕ್ಕೆ ಒಣ ಮಣ್ಣೂ ಒದ್ದೆಯಾಗಿ ಕಾಣುತ್ತದೆ.

ಗದ್ದೆಗೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಟೆನ್ಸಿಯೋಮೀಟರ್ ಇದೆ. ಗೇಜೇ ಇಲ್ಲ, ಕೊಳವೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ. ನೀರಿನ ಮಟ್ಟ ಹಳದಿಗೆ ಬಂದಾಗ ಗದ್ದೆಗೆ ನೀರು ಬಿಡಬೇಕು. ಬೋರ್‌ವೆಲ್ ನೀರಿನಲ್ಲಿ ಭತ್ತ ಬೆಳೆಯುವ ನಾಡಿಗೆ ಅದು ದೊಡ್ಡ ವರ. ಮಳೆಗಾಲದಲ್ಲೇ ನಾಟಿ ಮಾಡುವ ನಮ್ಮ ಗದ್ದೆಗಳಿಗೆ ಅದರ ಅಗತ್ಯ ಕಡಿಮೆ.

ಎಲ್ಲಿ ನೆಡಬೇಕು

ಒಳ್ಳೆಯ ಸಾಧನವನ್ನು ತಪ್ಪು ಜಾಗದಲ್ಲಿ ನೆಟ್ಟರೆ ತಪ್ಪು ಅಂಕಿಯನ್ನೇ ನಿಖರವಾಗಿ ಓದುತ್ತದೆ. ರೋಬಸ್ಟಾದ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಇರುತ್ತವೆ. ಹಾಗಾಗಿ ಮೇಲಿನ ಸೆನ್ಸರ್ 20ರಿಂದ 30 ಸೆಂಟಿಮೀಟರ್ ಆಳದಲ್ಲಿ, ಕೆಳಗಿನದ್ದು 45ರಿಂದ 60ರಲ್ಲಿ ಇರಲಿ. ಆಳ ಅಳೆಯುವಾಗ ತರಗೆಲೆ ಸರಿಸಿ ಮಣ್ಣಿನಿಂದ ಅಳೆಯಿರಿ. ಶುಂಠಿಗೆ ಮಡಿಯ ಮೇಲಿನಿಂದ 15ರಿಂದ 20 ಸೆಂಟಿಮೀಟರ್ ಸಾಕು.

ಗಿಡದ ಬುಡಕ್ಕೆ ಅಂಟಿಸಿ ಬೇಡ, ರೆಕ್ಕೆಗಳ (ಅಡ್ಡ ಕೊಂಬೆಗಳ) ಹರವಿನ ಒಳಗೆ ಇರಲಿ. ನೆರಳಿನ ಮರದ ಕಾಂಡದ ಹತ್ತಿರ ಬೇಡ, ಕಾಂಡದ ಮೇಲೆ ಇಳಿದ ಮಳೆನೀರು ಅಲ್ಲೇ ಸೇರುತ್ತದೆ. ಮಳೆನೀರು ಇಂಗಲು ತೆಗೆದ ತೊಟ್ಟಿಲು ಗುಂಡಿಯ ಪಕ್ಕ, ಕಣಿವೆಯ ತಗ್ಗಿನಲ್ಲಿ ನೆಟ್ಟು ಇಡೀ ತೋಟದ ತೇವ ಎಂದುಕೊಳ್ಳಬೇಡಿ. ಇಳಿಜಾರಿನ ಮೇಲ್ಭಾಗ ಬೇಗ ಒಣಗುತ್ತದೆ, ನೀರು ಮೊದಲು ಬೇಡುವುದು ಅದೇ. ಎರಡೇ ಜೋಡಿ ಇದ್ದರೆ ಒಂದು ಅಲ್ಲಿ, ಇನ್ನೊಂದು ತೋಟದ ನಡುಭಾಗದಲ್ಲಿ ಇರಲಿ. ಸ್ಪ್ರಿಂಕ್ಲರ್ ಆದರೆ ಎರಡು ಜೆಟ್‌ಗಳ ನೀರು ಕೂಡುವ ಜಾಗವೂ ಬೇಡ, ಜೆಟ್ಟಿನ ಬುಡವೂ ಬೇಡ, ನಡುವಿನದ್ದು ಸರಿ.

ರಂಧ್ರವನ್ನು ಸಾಧನದ ಗಾತ್ರಕ್ಕೇ ಅಗರಿನಿಂದ (ಮಣ್ಣು ಕೊರೆಯುವ ತಿರುಪು ಸಲಕರಣೆ) ಕೊರೆಯಬೇಕು, ಹಾರೆಯಿಂದ ಗುಂಡಿ ತೋಡಿ ಹೂತರೆ ಆಗುವುದಿಲ್ಲ. ಅದೇ ಆಳದ ಮಣ್ಣನ್ನು ಜರಡಿ ಹಿಡಿದು, ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ರಂಧ್ರಕ್ಕೆ ಸುರಿದು, ಅದರ ಮೇಲೆ ಸಾಧನ ಕೂರಿಸಿ. ಸುತ್ತ ಮಣ್ಣು ಒತ್ತಿ, ನೆಲದ ಮಟ್ಟದಲ್ಲಿ ಸಣ್ಣ ದಿಬ್ಬ ಮಾಡಿದರೆ ಮೇಲಿನ ನೀರು ಕೊಳವೆಗುಂಟ ಇಳಿಯುವುದಿಲ್ಲ. ನೆಟ್ಟು ಎರಡು ಮೂರು ದಿನ ಬಿಟ್ಟು ಓದಲು ಶುರು ಮಾಡಿ. ಓದುವುದು ಬೆಳಿಗ್ಗೆಯೇ, ದಿನವೂ ಅದೇ ಹೊತ್ತಿಗೆ.

ಪಕ್ಕದಲ್ಲಿ ಎತ್ತರದ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಕಳೆ ಕೊಚ್ಚುವಾಗ ಕತ್ತಿಗೆ ಸಿಕ್ಕಿ ತಂತಿ ತುಂಡಾಗುವುದೇ ಇಲ್ಲಿನ ಸಾಮಾನ್ಯ ಅಪಘಾತ. ಗೇಜನ್ನು ಮಂಗಗಳು ಬಿಡುವುದಿಲ್ಲ, ಅದಕ್ಕೊಂದು ಪೈಪಿನ ತುಂಡು ಹೊದಿಸಿ. ಆನೆ ಓಡಾಡುವ ತೋಟವಾದರೆ ಅವುಗಳ ದಾರಿ ಬಿಟ್ಟು ನೆಡಿ. ಉದ್ದ ತಂತಿ ಎಳೆದು ಲಾಗರ್ ಇಟ್ಟವರು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲೇ ತಂತಿ ಕಳಚಿಡಬೇಕು. ಸಿಡಿಲು ಹತ್ತಿರ ಬಡಿದರೆ ಲಾಗರ್ ಸುಟ್ಟುಹೋಗುತ್ತದೆ. ಸೋಲಾರ್ ಪ್ಯಾನೆಲ್ ಇರುವ ಯಂತ್ರ ತೆಗೆದುಕೊಳ್ಳುವ ಮೊದಲು ನಿಮ್ಮ ನೆರಳನ್ನು ನೋಡಿ. ಎರಡು ಹಂತದ ನೆರಳಿನ ಅಡಿಯಲ್ಲಿ, ಜುಲೈ ಮೋಡದಲ್ಲಿ ಅದು ಚಾರ್ಜ್ ಆಗುವುದು ಕಷ್ಟ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ದುಬಾರಿ ಯಂತ್ರಕ್ಕಿಂತ ಕೈಮೀಟರ್, ನೋಟ್‌ಬುಕ್ ಸಾಕು.

ಯಾರಿಗೆ ಯಾವುದು

ರೋಬಸ್ಟಾ ಇದ್ದು ಸ್ಪ್ರಿಂಕ್ಲರ್ ಓಡಿಸುವವರು ವಾಟರ್‌ಮಾರ್ಕ್ ಬಗೆಯ ಸೆನ್ಸರ್ ಎರಡು ಜೋಡಿ, ಒಂದು ಕೈಮೀಟರ್ ತೆಗೆದುಕೊಳ್ಳಿ. ಅರೇಬಿಕಾ ಮಾತ್ರ ಇದ್ದು ನೀರಾವರಿ ಇಲ್ಲದವರಿಗೆ ಸದ್ಯಕ್ಕೆ ಯಾವುದೂ ಬೇಡ. ಶುಂಠಿ, ತರಕಾರಿ, ನರ್ಸರಿಯವರಿಗೆ 30 ಸೆಂಟಿಮೀಟರಿನ ಗಿಡ್ಡ ಟೆನ್ಸಿಯೋಮೀಟರ್. ಡ್ರಿಪ್ ಹಾಕಿದ ಅಡಿಕೆಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ. ಮನೆಯಲ್ಲಿ ವಾರವಾರ ನೀರು ತುಂಬುವವರು ಯಾರು ಎನ್ನುವುದರ ಮೇಲೆ ಆರಿಸಿ.

ಮೆಣಸಿನವರಿಗೆ ಬೇಸಿಗೆಗಿಂತ ಮಳೆಗಾಲದಲ್ಲಿ ಟೆನ್ಸಿಯೋಮೀಟರಿನ ಉಪಯೋಗ ಜಾಸ್ತಿ. ಮಳೆ ನಿಂತು ಎರಡು ದಿನವಾದರೂ ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೆ ಆ ಬಳ್ಳಿಯ ಬುಡ ಬಸಿಯುತ್ತಿಲ್ಲ. ಸೊರಗು ರೋಗಕ್ಕೆ ಅಂಥ ಜಾಗವೇ ಬೇಕು. ಔಷಧಿ ಹೊಡೆಯುವುದಕ್ಕಿಂತ ಮೊದಲು ಅಲ್ಲಿ ಬಸಿಗಾಲುವೆ ತೆಗೆಸಬೇಕು.

ನೀರು ಕೊಡಬೇಕಾದ ಅಂಕಿಯನ್ನು ಮಾತ್ರ ನಿಮ್ಮ ತೋಟವೇ ಹೇಳಬೇಕು. ಹೂ ಕಟ್ಟಿದ ಮೇಲೆ ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆಗೆ ಚೇತರಿಸಿಕೊಳ್ಳಲು ಶುರುವಾದ ದಿನದ ಓದನ್ನು ಬರೆದಿಡಿ. ಮುಂದಿನ ವರ್ಷ ಅದಕ್ಕಿಂತ ಸ್ವಲ್ಪ ಕೆಳಗಿನ ಅಂಕಿಗೇ ನೀರು ಶುರು ಮಾಡಿ. ಮಣ್ಣಿನ ಜಾತಿ ಗೊತ್ತಿಲ್ಲದಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ.

ಕೊಳ್ಳುವುದಾದರೆ ಅಕ್ಟೋಬರ್ ಒಳಗೆ ಕೊಂಡು, ನವೆಂಬರಿನಲ್ಲಿ ಮಣ್ಣು ಇನ್ನೂ ಮೆತ್ತಗಿರುವಾಗಲೇ ನೆಡಿ. ಆಗ ಅಗರ್ ಸಲೀಸಾಗಿ ಇಳಿಯುತ್ತದೆ, ಮಣ್ಣು ಸೆನ್ಸರಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಕುಯಿಲಿನ ಗಡಿಬಿಡಿ ಶುರುವಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಫೆಬ್ರವರಿಯಲ್ಲಿ ಕಲ್ಲಿನಂತಾದ ಮಣ್ಣಿಗೆ ಕೊರೆದು ನೆಟ್ಟರೆ ಆ ವರ್ಷದ ಹೂವಿನ ನೀರಿಗೆ ಅದರ ಓದನ್ನು ನಂಬಲಾಗುವುದಿಲ್ಲ.